ಬೆಟ್ಟ, ಗೋಬರ್ ಗ್ಯಾಸು, ಸೋಲಾರು: ಮೂರನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದೆ

ನಮ್ಮ ಶಿರಸಿ ಸಿದ್ದಾಪುರ ಕಡೆ ಈಗೀಗ ಮದುವೆ ಮನೆ ಪಂಕ್ತೀಲೂ ಸೊಸೈಟಿ ಮೀಟಿಂಗಲ್ಲೂ ಒಂದೇ ಪ್ರಶ್ನೆ, ಬೆಟ್ಟದ ಕಾರ್ಬನ್ ಮಾರಬಹುದಂತೆ ಹೌದಾ, ಎಕರೆಗೆ ಎಷ್ಟು ಕೊಡ್ತಾರಂತೆ ಅಂತ. ಮರ ಹಿಡಿದಿಟ್ಟ, ಇಲ್ಲಾ ಗಾಳಿಗೆ ಹೋಗದಂಗೆ ತಡೆದ ಕಾರ್ಬನ್ ಡೈಆಕ್ಸೈಡಿಗೆ ಟನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳೋರಿದ್ದಾರೆ, ಕಾರ್ಬನ್ ಕ್ರೆಡಿಟ್ ಅನ್ನೋದು ಇದಕ್ಕೇ. ಕೆಲವು ವರ್ಷದಿಂದ ನಾನು ನಮ್ಮ ಬೆಟ್ಟದ ಮರ ಅಳೆದು ಬರೆದಿಡ್ತಾ ಇದ್ದೇನೆ, ಮನೇಲಿ ಗೋಬರ್ ಗ್ಯಾಸು, ಅಡಿಕೆಗೆ ಸೋಲಾರ್ ಡ್ರೈಯರು, ಮಾಡಿನ ಮೇಲೆ 3 ಕಿಲೋವಾಟ್ ಪ್ಯಾನೆಲ್ಲು ಎಲ್ಲಾ ಇದೆ, ಹಂಗಾಗಿ ಕೇಳಿದವರಿಗೆಲ್ಲ ಬಾಯಲ್ಲಿ ಹೇಳೋ ಬದಲು ಪೂರ್ತಿ ಲೆಕ್ಕ ಇಲ್ಲೇ ಬರೀತೇನೆ.

ಹೊರಗಿನವರಿಗೆ ಮೊದಲು ಸೊಪ್ಪಿನ ಬೆಟ್ಟ ಅಂದ್ರೆ ಏನು ಅಂತ ಗೊತ್ತಾಗ್ಬೇಕು. ಬ್ರಿಟಿಷರ ಮುಂಬೈ ಪ್ರಾಂತ್ಯದ ಕಾಲದಲ್ಲಿ ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಸೌದೆ ತಗೊಳ್ಳೋಕೆ ಅಂತ ಕಾಡಿನ ತುಂಡು ಬಿಟ್ಟುಕೊಟ್ರು, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ. ನೆಲ ಅರಣ್ಯ ಇಲಾಖೆದು, ಅನುಭೋಗ ನಮ್ದು. ಈ ಒಂದು ಮಾತು ನೆನಪಿಟ್ಕೊಳ್ಳಿ, ಮುಂದೆ ದುಡ್ಡಿನ ವಿಷಯ ಬಂದಾಗ ಇದೇ ಅಡ್ಡ ಬರ್ತದೆ.

ಅಳೆಯೋದು ಕಷ್ಟ ಏನಲ್ಲ. 20 ಮೀಟರ್ ಉದ್ದ 20 ಮೀಟರ್ ಅಗಲದ ಚೌಕ ಹಗ್ಗ ಹಾಕಿ ಗುರುತು ಮಾಡ್ಕೊಳ್ಬೇಕು, ಅದು ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ನಾಲ್ಕು ಗುಂಟೆ, ಅಂದ್ರೆ ಎಕರೆಯ ಹತ್ತನೇ ಒಂದು ಭಾಗ. ಅದರೊಳಗಿನ ಎಲ್ಲಾ ಮರದ ಸುತ್ತಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಎದೆಮಟ್ಟ ಅಂತೀವಲ್ಲ ಅಲ್ಲಿ, ಟೇಪ್ ಸುತ್ತಿ ಬರ್ಕೊಳ್ಳೋದು. ಮರದ ಜಾತಿ ಬರೀಲೇಬೇಕು, ಯಾಕಂದ್ರೆ ಮತ್ತಿ, ಜಂಬೆ, ಹೊನ್ನೆ ಗಟ್ಟಿ ಮರ, ಬೂರಲ ಹಗುರ, ಒಂದೇ ದಪ್ಪ ಇದ್ರೂ ಒಳಗಿರೋ ಕಾರ್ಬನ್ ಬೇರೆ ಬೇರೆ. ಆಮೇಲೆ ವಿಜ್ಞಾನಿಗಳು ಉಷ್ಣವಲಯದ ಕಾಡುಗಳಿಗೆ ಅಂತ ಮಾಡಿಟ್ಟಿರೋ ಸೂತ್ರ ಇದೆ, ಅದಕ್ಕೆ ವ್ಯಾಸ, ಎತ್ತರ, ಮರದ ಸಾಂದ್ರತೆ ಹಾಕಿದ್ರೆ ಒಣ ತೂಕ ಬರ್ತದೆ. ಒಣ ತೂಕದಲ್ಲಿ 47 ಪರ್ಸೆಂಟ್ ಕಾರ್ಬನ್, ಅದನ್ನ 3.67ರಿಂದ ಗುಣಿಸಿದ್ರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕ.

ಒಂದು ಮರ ತಗೊಳ್ಳಿ. ಸುತ್ತಳತೆ 94 ಸೆಂಟಿಮೀಟರ್, ಅಂದ್ರೆ ವ್ಯಾಸ 30, ಎತ್ತರ 15 ಮೀಟರ್, ಸಾಂದ್ರತೆ 0.7. ಬೇರು ಬಿಟ್ಟು ಒಣ ತೂಕ ಸುಮಾರು 500 ಕೆಜಿ, ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ 880 ಕೆಜಿ. ಮೂರು ಅಡಿ ಸುತ್ತಳತೆಯ ಒಂದು ಸಾಧಾರಣ ಮತ್ತಿ ಮರ ಹೆಚ್ಚುಕಮ್ಮಿ ಒಂದು ಟನ್ ಹಿಡಿದಿಟ್ಕೊಂಡು ನಿಂತಿದೆ ಅಂತಾಯ್ತು. ನಮ್ಮ ಬೆಟ್ಟ ತಲೆಮಾರುಗಳಿಂದ ಸೊಪ್ಪು ಕಡಿದ ಬೆಟ್ಟ, ದಟ್ಟ ಕಾಡೇನಲ್ಲ, ಆದ್ರೂ ಎಕರೆಗೆ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ 100 ಟನ್ ಆಸುಪಾಸು ಬಂತು, ವರ್ಷಕ್ಕೆ ಬೆಳೆಯೋದು ಎಕರೆಗೆ ಎರಡೂವರೆ ಟನ್ ಹತ್ರ. ಈ ಎರಡು ಸಂಖ್ಯೆ ಬೇರೆ ಬೇರೆ ಅಂತ ತಲೇಲಿ ಕೂರ್ಬೇಕು, ಒಂದು ಗಂಟು, ಇನ್ನೊಂದು ಬಡ್ಡಿ.

ಈಗ ಒಲೆ ಹತ್ರ ಬರೋಣ, ಯಾಕಂದ್ರೆ ಬೆಟ್ಟ ಕರಗ್ತಾ ಇದ್ದಿದ್ದು ಅಲ್ಲೇ. ಅಡಿಗೆಗೆ ಸೌದೆ, ಬಚ್ಚಲು ಹಂಡೆಗೆ ಸೌದೆ, ಕೊಯ್ಲಲ್ಲಿ ಅಡಿಕೆ ಬೇಯಿಸೋಕೆ ಸೌದೆ, ಮೋಡ ಇದ್ರೆ ಅಟ್ಟದ ಮೇಲೆ ಒಣಗಿಸೋಕೆ ಕೆಳಗೆ ಬೆಂಕಿ. ಎರಡು ಘನಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಒಂದು ಘನಮೀಟರ್ ಗ್ಯಾಸು ಸುಮಾರು ಮೂರೂವರೆ ಕೆಜಿ ಸೌದೆಗೆ ಸಮ ಅಂತ ಲೆಕ್ಕ. ಅಂದ್ರೆ ಪೂರ್ತಿ ಉಪಯೋಗಿಸಿದ್ರೆ ದಿನಕ್ಕೆ 7 ಕೆಜಿ, ವರ್ಷಕ್ಕೆ ಎರಡೂವರೆ ಟನ್ ಸೌದೆ. ಮೇಲೆ ಹೇಳಿದಂಥ ಮರ ವರ್ಷಕ್ಕೆ ಐದು! ಬೆಟ್ಟಕ್ಕೆ ಹೋಗಿ ಎಣಿಸ್ತಾ ಬಂದ್ರೆ ಐದು ಮರ ಅಂದ್ರೆ ಎಷ್ಟು ಅಂತ ಗೊತ್ತಾಗ್ತದೆ. ಸುಟ್ಟಿದ್ರೆ 4.3 ಟನ್ ಕಾರ್ಬನ್ ಡೈಆಕ್ಸೈಡ್ ಆಗಿ ಮೇಲೆ ಹೋಗ್ತಿತ್ತು. ದುಡ್ಡಲ್ಲಿ ನೋಡಿದ್ರೂ ಒಂದು ಘನಮೀಟರ್ ಗ್ಯಾಸು 0.43 ಕೆಜಿ ಎಲ್‌ಪಿಜಿಗೆ ಸಮ, ತಿಂಗಳಿಗೆ ಎರಡಕ್ಕೆ ಸ್ವಲ್ಪ ಕಮ್ಮಿ ಸಿಲಿಂಡರು, ಸಿಲಿಂಡರಿಗೆ 900 ರೂಪಾಯಿ ಹಿಡಿದ್ರೆ ವರ್ಷಕ್ಕೆ 19-20 ಸಾವಿರ. ಮೇಲಿಂದ ಸ್ಲರಿ ತೋಟಕ್ಕೆ, ಅದು ಬಂದ್ಮೇಲೆ ಹಸಿ ಸೊಪ್ಪು ಕಡಿಯೋದನ್ನ ಅರ್ಧಕ್ಕೆ ಇಳಿಸಿದೆವು, ಮರಕ್ಕೆ ಟೊಂಗೆ ಉಳೀತು, ಬೆಳೀತು.

ನಮ್ಮ ಮಲೆನಾಡು ಗಿಡ್ಡ ತಳಿಯ ದನದ ಸಗಣಿ ಕಮ್ಮಿ, ನಾಲ್ಕೈದು ತಲೆ ಇದ್ರೆ 50 ಕೆಜಿ ಆಗೋದಿಲ್ಲ. ಈಗ ಮನೆಮನೇಲಿ ಕೊಟ್ಟಿಗೆ ಖಾಲಿ ಆಗ್ತಾ ಇದೆ, ಕೊಟ್ಟಿಗೆ ಖಾಲಿ ಆದಲ್ಲಿ ಗ್ಯಾಸಿನ ಗುಂಡಿನೂ ಒಣಗಿ ಕೂತಿದೆ, ಸೌದೆ ವಾಪಸ್ ಬಂದಿದೆ. ಹಾಲಿನ ರೇಟು, ಹಿಂಡಿ ರೇಟು ಸರಿ ಇಲ್ಲ ಅಂದ್ರೆ ಬೆಟ್ಟದ ಮರ ಕಮ್ಮಿ ಆಗ್ತದೆ ಅನ್ನೋ ಸಂಬಂಧ ಯಾವ ಯೋಜನೆಯ ಕಾಗದದಲ್ಲೂ ನಾನು ನೋಡಿಲ್ಲ, ಆದ್ರೆ ನಮ್ಮೂರಲ್ಲಿ ಕಣ್ಣಿಗೆ ಕಾಣ್ತದೆ. ಇನ್ನೊಂದು, ಗುಂಡಿ ಬಿರುಕು ಬಿಟ್ಟು ಗ್ಯಾಸ್ ಸೋರಿದ್ರೆ ಅದು ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುವಂಥದ್ದು, ಹಂಗಾಗಿ ವರ್ಷಕ್ಕೊಮ್ಮೆ ಪೈಪು, ವಾಲ್ವು ಸೋಪಿನ ನೀರು ಹಚ್ಚಿ ನೋಡ್ಲೇಬೇಕು.

ಒಲೆಗೂ ಬೆಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಅಂತ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ, ಅಸ್ತ್ರ ಒಲೆ ಅಲ್ಲಿಂದ ಬಂದಿದ್ದು. ಮೂರು ಕಲ್ಲಿನ ಒಲೇಲಿ ಸೌದೆಯ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಹೋದ್ರೆ ದೊಡ್ಡದು, ಒಳ್ಳೇ ಒಲೇಲಿ ಮೂರು ಪಾಲು. ಅದೇ ತತ್ವ ಅಡಿಕೆ ಬೇಯಿಸೋ ಒಲೆಗೂ ಹಾಕ್ಸಿದೆ, ಕೆಳಗೆ ಜಾಲರಿ, ಗಾಳಿಗೆ ದಾರಿ, ಹೊಗೆಗೆ ಕೊಳವೆ, ಬಾಯಿ ಸಣ್ಣದು, ಉರಿಗೆ ಅಡಿಕೆ ಸಿಪ್ಪೆನೂ ಸೇರ್ತದೆ. ಅಟ್ಟದ ಬೆಂಕಿ ಪೂರ್ತಿ ನಿಂತಿದ್ದು ಪ್ಲಾಸ್ಟಿಕ್ ಶೀಟಿನ ಸೋಲಾರ್ ಡ್ರೈಯರಿಂದ. ಕೊಯ್ಲಿನ ಟೈಮಲ್ಲಿ ಅಕಾಲದ ಮಳೆ ಬಂದ್ರೆ ಅಂಗಳದ ಅಡಿಕೆ ಬೂಸ್ಟು ಹಿಡಿದು ರೇಟು ಬಿದ್ದುಹೋಗ್ತದೆ, ಡ್ರೈಯರ್ ಒಳಗಿದ್ರೆ ಆ ಭಯ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೇಗ ಹಾಕಿದ ದುಡ್ಡು ವಾಪಸ್ ಕೊಟ್ಟಿದ್ದು ಈ ಡ್ರೈಯರು, ಅದು ಕಾರ್ಬನ್ನಿಂದ ಅಲ್ಲ, ಅಡಿಕೆ ಹಾಳಾಗದೇ ಇದ್ದಿದ್ದರಿಂದ.

ಈಗ ಪ್ಯಾನೆಲ್ಲು. ಮನೆ ಮಾಡಿನ ಸೋಲಾರಿಗೆ ಅಂತ ಕೇಂದ್ರ ಸರ್ಕಾರ ತಂದ 2024ರ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್ ಸೂರ್ಯನೇ ಇಲ್ಲ, ಆದ್ರೂ ಬೇಸಿಗೆ ಬಿಸಿಲು ಸೇರಿ ವರ್ಷಕ್ಕೆ 3500ರಿಂದ 4000 ಯೂನಿಟ್ ಅಂದಾಜು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ಹಂಗಾಗಿ ವರ್ಷಕ್ಕೆ ಎರಡೂವರೆ ಟನ್ ಮೇಲೆ. ಗಮನಿಸಿ, ಒಂದು ಎಕರೆ ಬೆಟ್ಟ ವರ್ಷಕ್ಕೆ ಹೀರ್ಕೊಳ್ಳೋದನ್ನ ಮನೆ ಮಾಡಿನ ಒಂದು ಮೂಲೆ ತಡೀತದೆ. ಆದ್ರೆ ರೂಪಾಯಿ ಲೆಕ್ಕ? 2023ರಿಂದ ಗೃಹಜ್ಯೋತಿ, 200 ಯೂನಿಟ್ ಮಿತಿಯೊಳಗೆ ಬಿಲ್ ಸೊನ್ನೆ. ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಮೊದಲಿಂದಲೂ ಫ್ರೀ. ಸೊನ್ನೆ ಬಿಲ್ಲಲ್ಲಿ ಉಳಿಸೋದು ಏನನ್ನ? ನಾನು ಉಳಿಸಿದ ಪ್ರತಿ ಯೂನಿಟ್ಟಿನ ಲಾಭ ಸಬ್ಸಿಡಿ ಕೊಡೋ ಸರ್ಕಾರಕ್ಕೆ, ಬಂಡವಾಳ ಮಾತ್ರ ನನ್ನ ಜೇಬಿಂದ. ಗೃಹಜ್ಯೋತಿ ಬೇಡ ಅಂತ ಹೇಳ್ತಿಲ್ಲ, ಬಡವರ ಮನೆಗೆ ಅದು ದೊಡ್ಡ ಆಸರೆ. ಆದ್ರೆ ಫ್ರೀ ಕರೆಂಟ್ ಬಿಟ್ಟು ಸ್ವಂತ ಪ್ಯಾನೆಲ್ ಹಾಕ್ಕೊಂಡವರಿಗೆ ಉಳಿದ ಸಬ್ಸಿಡಿಯಲ್ಲಿ ಅರ್ಧನಾದ್ರೂ ಕೊಟ್ರೆ ಹಳ್ಳಿ ಹಳ್ಳೀಲಿ ಪ್ಯಾನೆಲ್ ಏರ್ತದೆ. ನಾನು ಹಾಕಿದ್ದು ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ದಿನಗಟ್ಟಲೆ ಕತ್ತಲೆ ಅಂತ, ಬ್ಯಾಟರಿ ಸಮೇತ, ಆ ನೆಮ್ಮದಿಗೆ ಕೊಟ್ಟ ದುಡ್ಡು ಅಂತಲೇ ಬರ್ಕೊಂಡಿದ್ದೇನೆ.

ಕಾರ್ಬನ್ ಮಾರೋ ವಿಷಯ. ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ, ಬಾಗೇಪಲ್ಲಿಯ ಕೂಲಿ ಸಂಘದವರು 5,500 ಮನೆಗಳ ಗೋಬರ್ ಗ್ಯಾಸ್ ಯೋಜನೆಯನ್ನ ವಿಶ್ವಸಂಸ್ಥೆಯ ಸಿಡಿಎಂ ವ್ಯವಸ್ಥೆಯಲ್ಲಿ (ನಮ್ಮಂಥ ದೇಶದ ಯೋಜನೆಗಳ ಕ್ರೆಡಿಟ್ಟನ್ನ ಶ್ರೀಮಂತ ದೇಶದವರು ಕೊಳ್ಳೋ ವ್ಯವಸ್ಥೆ) 2005ರಲ್ಲೇ ನೋಂದಾಯಿಸಿದ್ರು, ಕಾರ್ಬನ್ ಕ್ರೆಡಿಟ್ಟಿನ ದುಡ್ಡಲ್ಲಿ ಬಡ ಮನೆಗಳಿಗೆ ಗ್ಯಾಸು. ಅದನ್ನ ಓದಿಯೇ ನನಗೆ ಇದರ ಹುಚ್ಚು ಹತ್ತಿದ್ದು. ಆದ್ರೆ ಆ ಕ್ರೆಡಿಟ್ಟಿನ ರೇಟು 2008ರಲ್ಲಿ ಟನ್ನಿಗೆ 20 ಯೂರೋ ಹತ್ರ ಇದ್ದದ್ದು 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಅಡಿಕೆ ರೇಟಿನ ಏರಿಳಿತ ನೋಡಿದವರು ನಾವು, ಆದ್ರೂ ನಾಲ್ಕು ವರ್ಷದಲ್ಲಿ ಇಪ್ಪತ್ತಕ್ಕೆ ಒಂದು ಆಗೋದು ಅಡಿಕೇಲೂ ಇಲ್ಲ. ಅದಲ್ದೆ ಸೌದೆ ಉಳಿಸಿದ ಲೆಕ್ಕದಲ್ಲಿ ಕಾಡು ಮತ್ತೆ ಬೆಳೆಸಿಕೊಳ್ಳುವಷ್ಟು ಸೌದೆಗೆ ಕ್ರೆಡಿಟ್ ಇಲ್ಲ, ಅದಕ್ಕಿಂತ ಜಾಸ್ತಿ ಕಡಿದಿದ್ದು ಉಳಿದ್ರೆ ಮಾತ್ರ. ಅದು ನ್ಯಾಯವೇ, ಆದ್ರೆ ನನ್ನ 4.3 ಟನ್ ಅಲ್ಲಿಗೆ ಬಹಳ ಕಮ್ಮಿ ಆಗ್ತದೆ.

ಮರದ ಲೆಕ್ಕ ನೋಡಿ. ವರ್ಷಕ್ಕೆ ಎಕರೆಗೆ ಎರಡೂವರೆ ಟನ್, ಟನ್ನಿಗೆ 800 ರೂಪಾಯಿ ಅಂತ ಹಿಡೀರಿ, 2000 ರೂಪಾಯಿ. ಅದರಲ್ಲಿ ಅಳತೆ ಖರ್ಚು, ಪರಿಶೀಲನೆಗೆ ಬರೋ ಕಂಪನಿ ಖರ್ಚು, ಮಧ್ಯದವರ ಪಾಲು, ಬೆಂಕಿ ಬಿದ್ರೆ ಅಂತ ತೆಗೆದಿಡೋ ಪಾಲು. ಅದೂ ಹೊಸದಾಗಿ ನೆಟ್ಟರೆ ಅಥವಾ ಹಾಳಾಗೋದನ್ನ ತಡೆದೆ ಅಂತ ಸಾಬೀತು ಮಾಡಿದ್ರೆ. ಅಜ್ಜನ ಕಾಲದಿಂದ ಉಳಿಸಿಕೊಂಡು ಬಂದ ಆ 100 ಟನ್ನಿಗೆ ಒಂದು ಪೈಸೆ ಇಲ್ಲ. 1983ರ ಸೆಪ್ಟೆಂಬರಲ್ಲಿ ಸಾಲ್ಕಣಿ ಕಡೆಯ ಜನ ಕಳಸೆ ಕಾಡಲ್ಲಿ ಕಡಿಯೋದನ್ನ ತಡೆಯೋಕೆ ಮರ ಅಪ್ಪಿಕೊಂಡು ನಿಂತ್ರಲ್ಲ, ಅಪ್ಪಿಕೋ ಚಳವಳಿ, ಅವರು ಉಳಿಸಿದ ಮರಕ್ಕೂ ಈ ಮಾರ್ಕೆಟ್ಟಲ್ಲಿ ಬೆಲೆ ಸೊನ್ನೆ. ನನಗೆ ಈ ವ್ಯವಸ್ಥೆಯಲ್ಲಿ ಸಹಿಸೋಕಾಗದ ಅನ್ಯಾಯ ಇದೇ.

ನಮ್ಮೂರಿಗೂ ಒಬ್ಬ ಏಜೆಂಟ್ ಬಂದಿದ್ದ, 40 ವರ್ಷದ ಕರಾರು ಪತ್ರ ಹಿಡ್ಕೊಂಡು. ಬೆಟ್ಟದ ನೆಲ ಇಲಾಖೆದು, ಅದರ ಕಾರ್ಬನ್ ನಾನು ಹೆಂಗೆ ಮಾರ್ಲಿ ಅಂತ ಕೇಳಿದ್ರೆ ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಅಂದ. ಸಹಿ ಹಾಕ್ಲಿಲ್ಲ. ಬೆಟ್ಟ ಇರೋ ಯಾರಿಗಾದ್ರೂ ಹೇಳೋದು ಇಷ್ಟೇ, ಪಹಣಿಯಲ್ಲಿ ನಿಮ್ಮ ಹೆಸರಿರೋ ಮಾಲ್ಕಿ ಜಮೀನಿಗೆ ಬೇಕಾದ್ರೆ ಯೋಚನೆ ಮಾಡಿ, ಸೊಪ್ಪಿನ ಬೆಟ್ಟಕ್ಕೆ ಈಗ ಸಹಿ ಬೇಡ.

ಇನ್ನು ನನ್ನ ನಿದ್ದೆ ಕೆಡಿಸಿದ ಲೆಕ್ಕ. ತುಮಕೂರು ಜಿಲ್ಲೆ ಪಾವಗಡದ ಸೋಲಾರ್ ಪಾರ್ಕು 13,000 ಎಕರೆ, 2050 ಮೆಗಾವಾಟ್, ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ, ಹಂಗೆ ಶುರುವಾಗಿದ್ದು. ಒಂದು ಮೆಗಾವಾಟಿಗೆ ಆರು ಎಕರೆ ಚಿಲ್ಲರೆ, ಒಂದು ಮೆಗಾವಾಟ್ ವರ್ಷಕ್ಕೆ 17 ಲಕ್ಷ ಯೂನಿಟ್ ಆಸುಪಾಸು ಅಂತ ಹಿಡಿದ್ರೆ ಒಂದು ಎಕರೆ ಪ್ಯಾನೆಲ್ಲಿಂದ ವರ್ಷಕ್ಕೆ 190 ಟನ್ ಕಾರ್ಬನ್ ಡೈಆಕ್ಸೈಡ್ ತಪ್ಪಿತು. ಬೆಟ್ಟ ಎಕರೆಗೆ ಎರಡೂವರೆ. ನನ್ನ ಬೆಟ್ಟ ಪೂರ್ತಿ ಕಡಿದು 100 ಟನ್ ಗಾಳಿಗೆ ಬಿಟ್ಟು ಪ್ಯಾನೆಲ್ ಹಾಕಿದ್ರೂ, ಮಲೆನಾಡಿನ ಬಿಸಿಲಲ್ಲೇ, ಒಂದು ವರ್ಷದೊಳಗೆ ಕಾರ್ಬನ್ ಸಾಲ ತೀರ್ತದೆ ಅಂತಾಯ್ತು! ಇದನ್ನ ಮುಚ್ಚಿಟ್ಟು ಕಾಡಿನ ಪರ ಮಾತಾಡೋದು ಸರಿಯಲ್ಲ ಅಂತ ಬರೀತಿದ್ದೇನೆ. ಕಾರ್ಬನ್ ಒಂದೇ ಅಳತೆಗೋಲಾದ್ರೆ ಬೆಟ್ಟ ಸೋಲ್ತದೆ. ಬೆಟ್ಟದ ಬೆಲೆ ಕಾರ್ಬನ್ನಲ್ಲಿ ಇಲ್ಲ, ಬೆಟ್ಟದ ಬುಡದ ಅಬ್ಬಿ (ಒರತೆ) ನೀರಲ್ಲಿದೆ, ಏಪ್ರಿಲ್‌ವರೆಗೂ ತೋಟಕ್ಕೆ ಪಂಪಿಲ್ಲದೆ ಹರಿದು ಬರೋ ನೀರು, ದರಕಿನ ಗೊಬ್ಬರ, ಉಪ್ಪಾಗೆ, ಮುರುಗಲು, ವಾಟೆ, ಜೇನು, ಅಡಿಕೆ ಹೂವಿಗೆ ಬೇಕಾದ ತಂಪು. ಅಬ್ಬಿ ಬತ್ತಿದ ಊರಲ್ಲಿ ಬೋರ್ ಹೊಡೆಸೋಕೆ ಲಕ್ಷಗಟ್ಟಲೆ ಹೋಗ್ತಾ ಇದೆ, ಅದನ್ನ ಲೆಕ್ಕಕ್ಕೆ ತಂದ್ರೆ ಗೇಣಿ ಏನೂ ಅಲ್ಲ. ಪ್ಯಾನೆಲ್ಲಿಗೆ ಮನೆಯ ಮಾಡು ಇದೆ, ಗೋದಾಮಿನ ತಗಡಿದೆ, ಬಯಲುಸೀಮೆಯ ಬಿಸಿಲಿದೆ. ನೀರು ಹಿಡಿಯೋ ಬೆಟ್ಟಕ್ಕೆ ಬದಲಿ ಜಾಗ ಇಲ್ಲ.

ಶರಾವತಿ ಕಣಿವೇಲಿ ತಲಕಳಲೆ, ಗೇರುಸೊಪ್ಪ ಜಲಾಶಯಗಳ ಮಧ್ಯೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೂ (ಕರೆಂಟ್ ಜಾಸ್ತಿ ಇದ್ದಾಗ ನೀರನ್ನ ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಇಳಿಸಿ ಕರೆಂಟ್ ಮಾಡೋದು) ನಾನು ಇದೇ ಮಾತು ಹೇಳೋದು. ಹಗಲಿನ ಸೋಲಾರ್ ಕರೆಂಟನ್ನ ಸಂಜೆಗೆ ಉಳಿಸೋಕೆ ಏನಾದ್ರೂ ಬೇಕು, ಒಪ್ತೇನೆ. ಆದ್ರೆ ಸಿಂಗಳೀಕದ ಅಭಯಾರಣ್ಯದ ಕಾಡನ್ನ ಬರೀ ಮರದ ಸಂಖ್ಯೆ, ಹೆಕ್ಟೇರ್ ಅಂತ ಖರ್ಚಿನ ಪಟ್ಟೀಲಿ ಬರೆದ್ರೆ ಅದು ಯಾವಾಗ್ಲೂ ಅಗ್ಗ ಅಂತಲೇ ಕಾಣ್ತದೆ, ನೀರಿನ ಬೆಲೆ ಆ ಪಟ್ಟೀಲಿ ಎಲ್ಲೂ ಇರೋದಿಲ್ಲ. ಬ್ಯಾಟರಿ ರೇಟು ವರ್ಷವರ್ಷ ಇಳೀತಾ ಇರೋವಾಗ ಅವಸರ ಯಾಕೆ ಅಂತ ನನ್ನ ಪ್ರಶ್ನೆ.

ಬೆಟ್ಟ ಉಳಿಸಿದವರಿಗೆ ಸರ್ಕಾರ ನೇರ ಕೊಡ್ಬೇಕು, ಕಾರ್ಬನ್ ಮಾರ್ಕೆಟ್ ಮೂಲಕ ಅಲ್ಲ, ನಿಂತ ಮರಕ್ಕೆ ಎಕರೆ ಲೆಕ್ಕದಲ್ಲಿ. 2030ರೊಳಗೆ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೆಚ್ಚುವರಿಯಾಗಿ ಮರದಲ್ಲಿ ಹಿಡಿದಿಡ್ತೇವೆ ಅಂತ ನಮ್ಮ ದೇಶ ಜಗತ್ತಿಗೆ ಮಾತು ಕೊಟ್ಟಿದೆ, ಇರೋದನ್ನ ಕಾಯೋನಿಗೆ ಏನೂ ಇಲ್ಲ ಅಂದ್ರೆ ಆ ಮಾತು ನಡೆಯೋದು ಹೆಂಗೆ. ಅದಕ್ಕೆ ಮೊದಲು ನಮ್ಮ ಹತ್ರ ಲೆಕ್ಕ ಇರ್ಬೇಕು. ನಮ್ಮೂರಲ್ಲಿ ಈಗ ಅಕ್ಕಪಕ್ಕದ ಬೆಟ್ಟದವರೂ ಸೇರಿದ್ದಾರೆ, ಶಾಲೆ ಮಕ್ಕಳು ಟೇಪು ಹಿಡೀತಾರೆ, ಹಿರಿಯರು ಮರದ ಹೆಸರು ಹೇಳ್ತಾರೆ. ಶುರು ಮಾಡೋರು ಚೌಕದ ನಾಲ್ಕು ಮೂಲೆಗೆ ಕಲ್ಲು ಹುಗೀರಿ, ಅಳತೆ ಎತ್ತರದಲ್ಲಿ ಮರಕ್ಕೆ ಬಣ್ಣದ ಗೆರೆ ಹಾಕಿ, ಇಲ್ಲಾಂದ್ರೆ ಮುಂದಿನ ಸಲ ಬೇರೆ ಜಾಗದಲ್ಲಿ ಅಳೆದು ಮರ ಸಣ್ಣ ಆಯ್ತು ಅಂತ ಬರೋದುಂಟು. ಡಿಸೆಂಬರ್ ಒಳಗೆ ಮುಗಿಸ್ಕೊಳ್ಳಿ, ಜನವರಿ ಆಮೇಲೆ ದರಕು ಗುಡಿಸೋ ಕೆಲಸ ಶುರುವಾದ್ರೆ ಯಾರ ಕೈಯೂ ಖಾಲಿ ಇರೋದಿಲ್ಲ.