ತಕಿಟ ತಕಧಿಮಿ: ಭಾಮಿನಿ ಕಡೆಗೂ ದಾರಿಗೆ ಬಂತು

"ಏನ್ ಮೇಡಂ, ಇವತ್ತು ಆರ್ಕೆಸ್ಟ್ರಾ ಇಲ್ವಾ?" ಅಂತ ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಕಾಲೆಳೆದ ನಮ್ಮ ಗಣಿತದ ಮೇಷ್ಟ್ರು ಹೋದ ತಿಂಗಳು ತಾವೇ ಬಂದು ನನ್ನ ಸ್ಪೀಕರ್ ಕೇಳಿದರು. ಕನ್ನಡ ಕ್ಲಾಸಿನಲ್ಲಿ ಸ್ಪೀಕರ್ ಇಟ್ಟು ಛಂದಸ್ಸು, ಅದರಲ್ಲೂ ಭಾಮಿನಿ ಷಟ್ಪದಿ (ಆರು ಸಾಲಿನ ಪದ್ಯದ ಒಂದು ಬಗೆ) ಕಲಿಸಲು ಹೊರಟವಳು ನಾನು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊಟ ಆದ ಮೇಲಿನ ಪೀರಿಯಡ್, ಒಂಬತ್ತನೇ ಕ್ಲಾಸು, ಛಂದಸ್ಸು. ಬೆಂಗಳೂರಿನ ಸ್ಕೂಲು, ಅರ್ಧ ಮಕ್ಕಳ ಮನೆಯಲ್ಲಿ ತಮಿಳು, ತೆಲುಗು, ಉರ್ದು. ಪ್ರಸ್ತಾರ ಹಾಕಿ, ಸಾಲಿನ ಅಕ್ಷರಗಳಿಗೆ ಲಘು (ಒಂದು ಮಾತ್ರೆ, ಅಂದರೆ ಒಂದು ಎಣಿಕೆ), ಗುರು (ಎರಡು ಮಾತ್ರೆ) ಗುರುತು ಹಾಕಿ ಅಂದರೆ ಕಿಟಕಿ ನೋಡುತ್ತಿದ್ದರು.

ಮೊದಲು ಭಾಮಿನಿಯಲ್ಲೇ ಬರೆದ ಕುಮಾರವ್ಯಾಸನ ಗಮಕದ (ರಾಗವಾಗಿ ಕಾವ್ಯ ಓದುವುದು) ರೆಕಾರ್ಡಿಂಗ್ ಹಾಕಿದೆ. ಎಸ್.ಪಿ. ರೋಡಿನಲ್ಲಿ 900 ರೂಪಾಯಿಗೋ ಏನೋ ತಂದ ಸ್ಪೀಕರ್, ಹಿಂದಿನ ಬೆಂಚಿಗೆ ಬಸ್ಸಿನ ಹಾರ್ನ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮೂರೇ ತಿಂಗಳಿಗೆ ಬ್ಯಾಟರಿ ಹೋಯಿತು. ಎರಡನೆಯದು 2,600ರ ಹತ್ತಿರ, ಅದೂ ಕೈಯಿಂದಲೇ, ಮನೆಯಲ್ಲಿ ಇನ್ನೂ ಹೇಳಿಲ್ಲ. ಆದರೂ ಕೆಲಸ ಕೆಟ್ಟಿತು. ಗಮಕಕ್ಕೆ ತಾಳದ ಕಟ್ಟಿಲ್ಲ, ರಾಗ ಎಳೆಯುವಾಗ ಲಘುವೂ ಗುರುವಿನಷ್ಟು ಉದ್ದ ಆಗುತ್ತದೆ. ಮಕ್ಕಳು ಕೇಳಿಸಿದ ಹಾಗೇ ಗುರುತು ಹಾಕಿ 14 ಮಾತ್ರೆಯ ಸಾಲಿಗೆ 19, 20 ತಂದರು. ಪಾಪ, ಅವರ ಕಿವಿ ಸರಿಯಾಗಿಯೇ ಇತ್ತು.

ಆಮೇಲೆ ಹಾಡು ಬಿಟ್ಟು ಬರೀ ಮೃದಂಗ ಹಾಕಿದೆ. ಮಿಶ್ರ ಛಾಪು ಅನ್ನೋ ಏಳೆಣಿಕೆಯ ತಾಳ, ತಕಿಟ ತಕಧಿಮಿ, 3+4. ಭಾಮಿನಿ ಅದೇ ಅಲ್ವಾ! ಲಘುವಿಗೆ ಒಂದು ತಟ್ಟು, ಗುರುವಿಗೆ ತಟ್ಟಿ ಒಂದು ಎಣಿಕೆ ಹಿಡಿ. ವೇಗ ಮಾತ್ರ ತುಂಬ ನಿಧಾನ ಇರಲಿ, ನಾನು ಮೊದಲ ವಾರ ಜೋರಾಗಿ ಇಟ್ಟು, ಡೆಸ್ಕ್ ಮೇಲೆ ಡೊಳ್ಳು ಕುಣಿತವೇ ಆಗಿ, ಪಕ್ಕದ ಕ್ಲಾಸಿನವರು ದೂರು ಕೊಟ್ಟು, ಎಚ್ಎಂ ಕರೆಸಿದರು. ಡೆಸ್ಕ್ ಬೇಡ, ತೊಡೆ ಮೇಲೆ ತಟ್ಟಿ ಅಂದೆ. 1, 2, 4, 5ನೇ ಸಾಲು ಎರಡು ಆವರ್ತಕ್ಕೆ (ತಾಳದ ಪೂರ್ತಿ ಸುತ್ತು) ಸರಿಯಾಗಿ ಕೂರುತ್ತದೆ. 3 ಮತ್ತು 6ರಲ್ಲಿ ಮೂರು ಆವರ್ತ ಮುಗಿದ ಮೇಲೆ ಒಂದು ಗುರು ಉಳಿಯುತ್ತದಲ್ಲ, ಎಲ್ಲರೂ ಎಡವುವುದು ಅಲ್ಲೇ. ಅಲ್ಲಿ ನಾನು ಏನು ಮಾಡಿಸುತ್ತೇನೆ ಅಂತ ಗಣಿತದ ಮೇಷ್ಟ್ರಿಗೂ ಹೇಳಿಲ್ಲ.

ಇನ್ನೊಂದು ಷಟ್ಪದಿ ವಾರ್ಧಕಕ್ಕೆ ಐದೆಣಿಕೆಯ ಖಂಡ ಛಾಪು ತಾಳ ಹಾಕಿದರೆ ಐದೈದಾಗಿ ಸುಮ್ನೆ ಹರಿಯುತ್ತದೆ. ಪ್ರಬಂಧ ಬರೆಯುವಾಗ ಕೊಳಲು ಹಾಕಿ ನೋಡಿದೆ, ಹಿಂದಿನ ಬೆಂಚು ಪೂರ್ತಿ ನಿದ್ದೆ. 7ರ ಎಣಿಕೆಯ ಹಾಡು ಹುಡುಕಿ ತನ್ನಿ ಅಂದಾಗ ಒಬ್ಬ ಹುಡುಗ ಮನೆಯಲ್ಲಿ ಕೇಳುವ ಕವ್ವಾಲಿ ತಂದ, ಎಣಿಸಿದರೆ ಸರಿಯಾಗಿ 7! ಅವತ್ತಿನಿಂದ ಅವನೇ ಕ್ಲಾಸಿಗೆ ತಾಳದ ಮೇಷ್ಟ್ರು.

ಮೊದಲು 40ರಲ್ಲಿ ಎಂಟೋ ಒಂಬತ್ತೋ ಮಕ್ಕಳ ಪ್ರಸ್ತಾರ ಸರಿ ಇರುತ್ತಿತ್ತು, ಈ ಸಲ 30 ದಾಟಿತು. ಟೆಸ್ಟಿನ ದಿನ ಎಲ್ಲರೂ ಭೀಮ ದುರ್ಯೋಧನರ ಹಾಗೆ ತೊಡೆ ತಟ್ಟುತ್ತಾ ಕೂತಿದ್ದರಂತೆ. ರೂಮಿನ ಮೇಲ್ವಿಚಾರಣೆಗೆ ಬಂದಿದ್ದವರು ಇದೇನೋ ಹೊಸ ಕಾಪಿ ಸನ್ನೆ ಅಂದುಕೊಂಡು ನಾಲ್ಕು ಜನರನ್ನು ಎಬ್ಬಿಸಿ ನಿಲ್ಲಿಸಿದರು.