ಯುಎನ್ ಪೋಸ್ಟಿಂಗ್‌ಗೆ ಹೊರಟ ತಮ್ಮನಿಗೆ: ಬಕ್ಸಾದಲ್ಲಿ ಏನಿರಬೇಕು, ಎಡಗೈ ಎಲ್ಲಿರಬೇಕು

ಹೋದ ವಾರ ನಮ್ಮೂರ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಯುಎನ್ ಲಿಸ್ಟಿನ್ಯಾಗ ನನ್ನ ಹೆಸರು ಬಂದೈತಿ. ಏನೇನು ಒಯ್ಯಬೇಕು?" ಅಂತ ಕೇಳಿದ. ಊರು ಬ್ಯಾಡಗಿ ಹತ್ತಿರ, ಪಲ್ಟನ್ ಸೇರಿ ಐದು ವರ್ಷ. ಅವನಿಗೆ ಬಂದಿರುವುದು ದಕ್ಷಿಣ ಸುಡಾನ್. ನಾನು 2018ರಲ್ಲಿ ಲೆಬನಾನ್‌ನಲ್ಲಿದ್ದೆ, ಡ್ರೈವರ್ ಆಗಿ. ಆಗ ನನಗೆ 24. ಫೋನಿನಲ್ಲಿ ಅರ್ಧ ಹೇಳಿದೆ, ಉಳಿದರ್ಧ ಫೋನ್ ಇಟ್ಟ ಮೇಲೆ ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಲೆಬನಾನ್‌ನ ಯುಎನ್ ಮಿಷನ್, ಅಂದರೆ ವಿಶ್ವಸಂಸ್ಥೆಯ ಶಾಂತಿಪಾಲನೆ ಕೆಲಸ, ಶುರುವಾಗಿದ್ದು 1978ರಲ್ಲಿ. ನಮ್ಮ ಸೈನ್ಯದ ಬೆಟಾಲಿಯನ್ ಅಲ್ಲಿಗೆ ಹೋಗಲು ಶುರು ಮಾಡಿದ್ದು 1998ರಲ್ಲಿ. 2026ರ ಡಿಸೆಂಬರ್ 31ಕ್ಕೆ ಅಲ್ಲಿನ ಕೆಲಸ ನಿಲ್ಲಿಸಿ ವಾಪಸ್ ಹೊರಡಬೇಕು ಅಂತ ಭದ್ರತಾ ಮಂಡಳಿ ತೀರ್ಮಾನ ಮಾಡಿದೆ. ಹಾಗಾಗಿ ನಾನಿದ್ದ ಜಾಗಕ್ಕೆ ಹೋಗುವವರು ಇನ್ನು ಸಿಗುವುದು ಕಷ್ಟ. ಆದರೂ ಬಕ್ಸಾ ಕಟ್ಟುವ ಫಜೀತಿ ಯಾವ ದೇಶಕ್ಕಾದರೂ ಒಂದೇ ಅಲ್ವಾ.

ಬಕ್ಸಾಕ್ಕಿಂತ ಮುಂಚೆ ಮನೆಯವರ ಹತ್ತಿರ ದುಡ್ಡಿನ ಮಾತು ಮುಗಿಸು. ಡಾಲರ್ ಅಂದ ಕೂಡಲೇ ಊರಲ್ಲಿ ನಿನ್ನ ಹೆಸರಿನ ಮೇಲೆ ಟ್ರ್ಯಾಕ್ಟರ್ ನೋಡೋಕೆ ಹೊರಡುತ್ತಾರೆ. ನಾನಿದ್ದಾಗ ಯುಎನ್ ನಮ್ಮ ಕೈಗೆ ನೇರ ಕೊಡುತ್ತಿದ್ದದ್ದು ದಿನಕ್ಕೆ 1.28 ಡಾಲರ್. ಹೌದು, ಒಂದು ಡಾಲರ್ ಇಪ್ಪತ್ತೆಂಟು ಸೆಂಟ್. ತಿಂಗಳಿಗೆ 38 ಡಾಲರ್ ಚಿಲ್ಲರೆ. ರಜೆ ತಗೊಂಡರೆ ಆ ದಿನಗಳಿಗೆ 10.50 ಡಾಲರ್, ಅದೂ ಆರು ತಿಂಗಳಿಗೆ 15 ದಿನದ ಮಟ್ಟಿಗೆ. ಯುಎನ್ ದೊಡ್ಡ ಮೊತ್ತ ಕೊಡುವುದು ಸರ್ಕಾರಕ್ಕೆ. ಸರ್ಕಾರ ನಮಗೆ ವಿದೇಶ ಭತ್ಯೆ ಬೇರೆ ಕೊಡುತ್ತದೆ, ಅದು ರ‍್ಯಾಂಕ್ ಪ್ರಕಾರ. ಕೈತುಂಬಾ ಇರುತ್ತದೆ, ಸುಳ್ಳು ಹೇಳಲ್ಲ. ಆದರೆ ಅಪ್ಪನಿಗೆ ಲೆಕ್ಕ ಹೇಳುವಾಗ 1.28ರಿಂದ ಶುರು ಮಾಡು. ನಾನು ಮಾಡಲಿಲ್ಲ, ಇವತ್ತಿಗೂ ನಮ್ಮ ಚಿಕ್ಕಪ್ಪ ನಾನು ಎಲ್ಲೋ ಬಚ್ಚಿಟ್ಟಿದ್ದೇನೆ ಅಂತಲೇ ನಂಬಿದ್ದಾರೆ.

ಈಗ ಬಕ್ಸಾ. ಹೊರಡುವ ಮುಂಚೆ ದೆಹಲಿಯಲ್ಲಿ ಟ್ರೇನಿಂಗ್ ಇರುತ್ತದೆ. ಅವ್ವ ನನಗೆ ಖಡಕ್ ರೊಟ್ಟಿ ಕಟ್ಟಿಕೊಟ್ಟಿದ್ದಳು, ನೂರರ ಮೇಲೆ. ಒಂದೂ ಲೆಬನಾನ್ ಮುಟ್ಟಲಿಲ್ಲ. ದೆಹಲಿ ಬ್ಯಾರಕ್‌ನಲ್ಲಿ ಮೊದಲ ರಾತ್ರಿಯೇ ಒಬ್ಬ "ಯೇ ಪಾಪಡ್ ಹೈ ಕ್ಯಾ?" ಅಂತ ಮುರಿದ. ನಾಲ್ಕು ದಿನಕ್ಕೆ ಗಂಟು ಖಾಲಿ. ರೊಟ್ಟಿ ಬೇಡ. ಶೇಂಗಾ ಚಟ್ನಿಪುಡಿ ಮತ್ತು ನಮ್ಮ ಬ್ಯಾಡಗಿ ಖಾರದ ಪುಡಿ ಒಯ್ಯಿ, ಆದರೆ ಆ ದೇಶಕ್ಕೆ ಏನು ಬಿಡುತ್ತಾರೆ ಅಂತ ಮೊದಲು ಕೇಳಿಕೋ. ಉಪ್ಪಿನಕಾಯಿ ಮಾತ್ರ ಸುತರಾಂ ಬೇಡ. ಎಣ್ಣೆ ಸೋರಿ ನನ್ನ ಪರೇಡ್ ಡ್ರೆಸ್ ಮೇಲೆ ನಕ್ಷೆ ಬಿಡಿಸಿತ್ತು. ಲಂಗರ್‌ನಲ್ಲಿ, ಅಂದರೆ ಪಲ್ಟನ್ ಅಡುಗೆಮನೆಯಲ್ಲಿ, ದಾಲ್, ಚಪಾತಿ, ಅನ್ನ ಎಲ್ಲ ಸಿಗುತ್ತದೆ. ನಮ್ಮ ನಾಲಿಗೆ ಬೇಡುವುದು ಖಾರ ಅಷ್ಟೇ.

ಉಣ್ಣೆ ಸಾಕ್ಸ್ ಜಾಸ್ತಿ ಇಟ್ಟುಕೊಂಡಿದ್ದೆ, ಅದೊಂದು ಬುದ್ಧಿವಂತಿಕೆ. ಅರಬರ ದೇಶ ಅಂದರೆ ಮರಳು, ಬಿಸಿಲು ಅಂದುಕೊಂಡಿದ್ದೆ. ನಮ್ಮ ಕ್ಯಾಂಪಿನ ಎದುರು ಜಬಲ್ ಅಲ್ ಶೇಖ್ ಪರ್ವತ, 2814 ಮೀಟರ್, ತಲೆತುಂಬಾ ಹಿಮ. ಜನವರಿಯ ಗಾಳಿಗೆ ಗಾರ್ಡ್ ಡ್ಯೂಟಿಯಲ್ಲಿ ಮೂಗು ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಬೇಕು. ನಿನ್ನ ದಕ್ಷಿಣ ಸುಡಾನ್‌ಗೆ ಇದು ಬೇಕಿಲ್ಲ. ನಿನಗೆ ಬೇಕಾದ್ದು ಸೊಳ್ಳೆಪರದೆ, ಮಲೇರಿಯಾ ಮಾತ್ರೆ, ಹಳದಿ ಜ್ವರದ ಲಸಿಕೆ. ಆ ಲಸಿಕೆ ಹಾಕಿಸಿ ಹತ್ತು ದಿನ ಆಗುವವರೆಗೆ ಸರ್ಟಿಫಿಕೇಟ್ ನಡೆಯುವುದಿಲ್ಲ, ಕೊನೇ ವಾರಕ್ಕೆ ಬಿಡಬೇಡ.

ಇನ್ನು ನನ್ನ ವಿದ್ಯೆ, ಡ್ರೈವಿಂಗ್. ಲೆಬನಾನ್‌ನಲ್ಲಿ ಗಾಡಿ ಬಲಗಡೆ ಓಡುತ್ತದೆ, ಸ್ಟೀರಿಂಗ್ ಎಡಗಡೆ. ದಕ್ಷಿಣ ಸುಡಾನ್‌ನಲ್ಲೂ ಹಾಗೇ. ನಮ್ಮಲ್ಲಿ ಎಷ್ಟು ವರ್ಷ ಜಿಪ್ಸಿ ಓಡಿಸಿದ್ದರೂ ಯುಎನ್ ಟೆಸ್ಟ್ ಪಾಸಾಗದೆ ಕೀಲಿ ಕೊಡುವುದಿಲ್ಲ. ಟೆಸ್ಟ್ ಪಾಸಾದ ಎರಡನೇ ದಿನ ಮರ್ಜಯೂನ್ ಊರಿನ ತಿರುವಿನಲ್ಲಿ ನಾನು ಇಂಡಿಕೇಟರ್ ಹಾಕಿದೆ. ವೈಪರ್ ಓಡಿತು. ಸುಡುಬಿಸಿಲು, ಒಣ ಗಾಜು, ಕರ್ ಕರ್ ಅಂತ ಸದ್ದು. ಗಾಬರಿಯಲ್ಲಿ ಗೇರ್ ಇಳಿಸೋಣ ಅಂತ ಎಡಗೈ ಬೀಸಿದರೆ ಬಾಗಿಲಿಗೆ ಬಡಿಯಿತು. ಗೇರ್ ಬಲಗೈ ಪಕ್ಕ ಇದೆ ಅಂತ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಹಿಂದೆ ಕೂತಿದ್ದ ಸಾಹೇಬರು ಏನೂ ಅನ್ನಲಿಲ್ಲ. ಸುಮ್ನೆ ಸೀಟ್ ಬೆಲ್ಟ್ ಒಮ್ಮೆ ಎಳೆದು ನೋಡಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಒಂದು ಉಪಾಯ ಮಾಡಿದೆ. ರಾತ್ರಿ ಡ್ಯೂಟಿ ಮುಗಿದ ಮೇಲೆ ನಿಂತ ಗಾಡಿಯಲ್ಲಿ ಹತ್ತು ನಿಮಿಷ ಕೂರುತ್ತಿದ್ದೆ. ಎಂಜಿನ್ ಆಫ್. ಎಡಗೈ ತೊಡೆ ಕೆಳಗೆ ಒತ್ತಿಕೊಂಡು ಬಲಗೈಯಲ್ಲಿ ಒಂದು, ಎರಡು, ಮೂರು, ನ್ಯೂಟ್ರಲ್. ಒಂದು ವಾರ ಹೀಗೆ ಮಾಡು, ಕೈ ಕಲಿಯುತ್ತದೆ. ಎಡಕ್ಕೆ ತಿರುಗುವಾಗ ಜೋರಾಗಿಯೇ "ದೂರದ ಸಾಲು, ದೂರದ ಸಾಲು" ಅಂತ ಹೇಳಿಕೋ, ಇಲ್ಲದಿದ್ದರೆ ಅಭ್ಯಾಸ ಬಲದಿಂದ ಎದುರು ಬರುವವರ ಸಾಲಿಗೇ ನುಗ್ಗುತ್ತೀಯ. ಗಾಡಿಯಲ್ಲಿ ಕಾರ್ಡ್ ಹಾಕುವ ಒಂದು ಡಬ್ಬಿ ಇರುತ್ತದೆ. ಯಾರು ಓಡಿಸಿದರು, ಎಷ್ಟು ವೇಗ, ಎಲ್ಲ ಅದರ ಹೊಟ್ಟೆಯಲ್ಲಿ. ಅದಕ್ಕೆ ಸುಳ್ಳು ಹೇಳಲು ಹೋಗಬೇಡ.

ರಸ್ತೆ ಬಿಟ್ಟು ಇಳಿಯುವ ವಿಷಯದಲ್ಲಿ ತಮಾಷೆ ಇಲ್ಲ. 2006ರ ಯುದ್ಧದ ಕ್ಲಸ್ಟರ್ ಬಾಂಬಿನ ಮರಿಗಳು, ಅದಕ್ಕೂ ಹಳೆಯ ಮೈನ್‌ಗಳು ನಾನಿದ್ದಾಗಲೂ ಹೊಲಗಳಲ್ಲಿ ಉಳಿದಿದ್ದವು. ಕೆಂಪು ತ್ರಿಕೋನದ ಬೋರ್ಡ್ ಕಂಡರೆ ಅದರ ಆಚೆ ಮೂತ್ರಕ್ಕೂ ಹೋಗಬಾರದು. ಬೋರ್ಡ್ ಇಲ್ಲ ಅಂದರೆ ಅಪಾಯ ಇಲ್ಲ ಅಂತಲೂ ಅಲ್ಲ. ಜನ ನಡೆದಾಡಿದ ದಾರಿಯಲ್ಲೇ ನಡಿ. ಇಸ್ರೇಲ್ ಕಡೆಯ ಬ್ಲೂ ಲೈನ್, ಅಂದರೆ ಯುಎನ್ ಗುರುತಿಸಿದ ಗೆರೆ, ಸುಮಾರು 120 ಕಿಲೋಮೀಟರ್ ಇದೆ, ಗುರುತಿಗೆ ಅಲ್ಲಲ್ಲಿ ನೀಲಿ ಪೀಪಾಯಿ. ಕೆಲವು ಕಡೆ ಎರಡು ಹೆಜ್ಜೆ ತಪ್ಪಿದರೆ ಅದು ನ್ಯೂಯಾರ್ಕ್‌ವರೆಗೂ ಹೋಗುವ ಸುದ್ದಿ. ಫೋಟೋ ವಿಷಯವೂ ಇಷ್ಟೇ ಗಟ್ಟಿ: ಪೋಸ್ಟು, ಗೇಟು, ಟವರ್ ಹಿಂದೆ ಕಾಣುವ ಸೆಲ್ಫಿ ಬೇಡ. ಊರಿನ ಗ್ರೂಪಿಗೆ ಕಳಿಸಿದ ಫೋಟೋ ಊರಲ್ಲೇ ಉಳಿಯುವುದಿಲ್ಲ.

ಭಾಷೆಗೆ ಹೆದರಬೇಡ. ಲೆಬನಾನ್‌ನ ಅರಬ್ಬಿಯಲ್ಲಿ ಮರ್ಹಬಾ ಅಂದರೆ ನಮಸ್ಕಾರ. ಕೀಫಕ್ ಅಂದರೆ ಹೇಗಿದ್ದೀಯಾ, ಹೆಂಗಸರಿಗೆ ಕೀಫಿಕ್. ಶುಕ್ರನ್ ಅಂದರೆ ಥ್ಯಾಂಕ್ಸ್. ಉಳಿದದ್ದು ನಿನ್ನ ಬಾಯಲ್ಲೇ ಇದೆ. ಸಾಬೂನು ಅಲ್ಲಿ ಸಾಬೂನ್, ಕುರ್ಚಿ ಕುರ್ಸಿ, ದುಕಾನು ದುಕ್ಕಾನ್, ತಾರೀಖು ತಾರೀಖ್, ಖಾಲಿ ಖಾಲಿಯೇ. ಮೊದಲ ವಾರ ಇದನ್ನು ಕಂಡುಹಿಡಿದು ನಾನೇನೋ ದೊಡ್ಡ ಪಂಡಿತ ಅಂದುಕೊಂಡೆ. ಮುಂದಿನ ವಾರ ಮಂಗಳವಾರದ ಸಂತೆಗೆ ಹೋದೆ, ಹಾಸ್ಬಯ್ಯಾ ಹತ್ತಿರದ ಸೂಕ್ ಅಲ್ ಖಾನ್. ಟೊಮೆಟೊ ಗುಡ್ಡೆಗೆ ರಟ್ಟಿನ ಚೀಟಿ ಚುಚ್ಚಿದ್ದರು: ಒಂದು ಕಡ್ಡಿ, ಒಂದು ಸೊನ್ನೆ, ಎರಡು ಚುಕ್ಕೆ. ಹತ್ತು ಪೌಂಡಿಗೆ ಕೆಜಿ ಟೊಮೆಟೊ! ಪುಕ್ಕಟೆ ಅಂದುಕೊಂಡು ಮೂರು ಕೆಜಿ ತೂಗಿಸಿದೆ. ಅಲ್ಲಿ ಸೊನ್ನೆಯಂತೆ ಕಾಣುವುದು ಐದು. ಚುಕ್ಕೆಯೇ ಸೊನ್ನೆ. ಅಂದರೆ 1500, ಆಗಿನ ಲೆಕ್ಕದಲ್ಲಿ ಒಂದು ಡಾಲರ್. ಮೂರು ಡಾಲರ್ ಕೊಟ್ಟೆ, ಬೇರೆ ದಾರಿ ಇರಲಿಲ್ಲ. ಅರಬ್ಬಿ ಅಂಕಿ ಹತ್ತನ್ನೂ ದೆಹಲಿಯಲ್ಲೇ ಕಲಿತು ಹೋಗು, ಅರ್ಧ ಗಂಟೆ ಕೆಲಸ.

ಅಲ್ಲಿನ ನೋಟು ಜಾಸ್ತಿ ಉಳಿಸಿಕೊಳ್ಳಲೂ ಬೇಡ. ನೆನಪಿಗೆ ಅಂತ ಹತ್ತು ಸಾವಿರದ ಒಂದು ನೋಟು ಇಟ್ಟುಕೊಂಡಿದ್ದೆ. ಆಗ ಆರೂವರೆ ಡಾಲರ್ ಬಾಳುತ್ತಿತ್ತು. 2019ರ ನಂತರ ಅವರ ದುಡ್ಡು ಬಿದ್ದು ಹೋಯಿತು, ಜನ ಬ್ಯಾಂಕಿನಲ್ಲಿ ಇಟ್ಟಿದ್ದನ್ನೇ ತೆಗೆಯಲಾಗದೆ ಒದ್ದಾಡಿದರು. ಈಗ ಆ ನೋಟಿಗೆ ಸುಮಾರು ಹತ್ತು ರೂಪಾಯಿ ಬೆಲೆ.

ಯಾರಾದರೂ ಮನೆಗೆ ಕರೆದರೆ, ಸಾಹೇಬರ ಅನುಮತಿ ಇದ್ದರೆ, ಹೋಗು. ನಮ್ಮ ಬೆಟಾಲಿಯನ್ ಇದ್ದದ್ದು ಇಬ್ಲ್ ಅಸ್ಸಾಕಿ ಊರಿನ ಹತ್ತಿರ. ಅಲ್ಲಿ ಕ್ರೈಸ್ತರು, ಮತ್ತೆ ದ್ರೂಜರು ಅಂತ ತಮ್ಮದೇ ಬೇರೆ ಧರ್ಮದ ಒಂದು ಪಂಗಡ. ಪಕ್ಕದ ಖಿಯಾಮ್‌ನಲ್ಲಿ ಶಿಯಾಗಳು, ಶೆಬಾದಲ್ಲಿ ಸುನ್ನಿಗಳು. ಹತ್ತು ಹದಿನೈದು ಕಿಲೋಮೀಟರ್ ಒಳಗೆ ಇಷ್ಟೆಲ್ಲ. ಹೆಂಗಸರಿಗೆ ಕೈ ಚಾಚಬೇಡ. ಅವರೇ ಚಾಚಿದರೆ ಸರಿ, ಇಲ್ಲದಿದ್ದರೆ ಎದೆ ಮೇಲೆ ಕೈ ಇಟ್ಟು ತಲೆ ಬಾಗಿಸು, ಸಾಕು. ನಮ್ಮ ದನದ ಡಾಕ್ಟರ್ ಸಾಹೇಬರು ಊರೂರಿಗೆ ಹೋಗಿ ಕುರಿ, ಮೇಕೆಗಳಿಗೆ ಔಷಧಿ ಕೊಡುತ್ತಿದ್ದರು, ಗಾಡಿ ನನ್ನದು. ಆ ಭಾಗದಲ್ಲಿ ಇಂಡಿಯಾದವರು ಅಂದರೆ ಜನ ನಗುಮುಖದಿಂದ ಮಾತಾಡಿಸುವುದಕ್ಕೆ ಅರ್ಧ ಕಾರಣ ಆ ಕುರಿಗಳು ಅಂತ ನನ್ನ ಅಂದಾಜು.

ಅಕ್ಟೋಬರ್‌ನಲ್ಲಿ ಒಂದು ದಿನ ಹಾಗೆ ಹೋದಾಗ ಒಂದು ದ್ರೂಜ್ ಮನೆಯವರು ಆಲಿವ್ ಬಡಿಯುತ್ತಿದ್ದರು. ಮರದ ಕೆಳಗೆ ತಾಡಪತ್ರಿ ಹಾಸಿ, ಕೋಲಿನಿಂದ ಕೊಂಬೆಗೆ ಬಡಿಯುವುದು. ನೋಡಿದರೆ ನಮ್ಮ ಹುಣಸೆಹಣ್ಣು ಬಡಿಯುವುದೇ. ಡಾಕ್ಟರ್ ಸಾಹೇಬರು ಕುರಿ ನೋಡುವಷ್ಟರಲ್ಲಿ ನಾನು ಒಂದು ಕೋಲು ತಗೊಂಡೆ. ಬಿಳಿ ಮುಸುಕಿನ ಅಜ್ಜಿ ಓಡಿ ಬಂದು ಕೈ ಹಿಡಿದು ನಿಲ್ಲಿಸಿದರು. ಹುಣಸೆಗೆ ಬಡಿದ ಹಾಗೆ ಬಡಿದರೆ ಚಿಗುರು ಮುರಿಯುತ್ತದೆ, ಮುಂದಿನ ವರ್ಷ ಕಾಯಿ ಬಿಡುವುದು ಅಲ್ಲೇ. ಕೋಲನ್ನು ಕೊಂಬೆಯ ಒಳಗಿನಿಂದ ಹೊರಕ್ಕೆ, ಬಾಚಣಿಗೆ ಎಳೆದ ಹಾಗೆ ಎಳೆಯಬೇಕು. ಇದನ್ನೆಲ್ಲ ಅವರು ಹೇಳಿದ್ದು ಬರೀ ಕೈಸನ್ನೆಯಲ್ಲಿ. ಆಮೇಲೆ ಒಂದು ಬುರುಡೆಯಂಥ ಪುಟ್ಟ ಪಾತ್ರೆಯಲ್ಲಿ 'ಮಾತೆ' ಅನ್ನುವ ಕಷಾಯ ಕೊಟ್ಟರು. ದಕ್ಷಿಣ ಅಮೆರಿಕದ ಸೊಪ್ಪು, ವಲಸೆ ಹೋಗಿ ಬಂದವರ ಜೊತೆ ಬಂದ ಅಭ್ಯಾಸ. ಒಂದೇ ಲೋಹದ ಕೊಳವೆಯಲ್ಲಿ ಎಲ್ಲರೂ ಹೀರುತ್ತಾರೆ, ಕೈ ಬದಲಾಗುವಾಗ ಕೊಳವೆ ತುದಿಯನ್ನು ನಿಂಬೆ ಸಿಪ್ಪೆಯಿಂದ ಉಜ್ಜಿದರು. ಕಹಿ ಅಂದರೆ ಕಹಿ, ಬೇವಿನ ತಮ್ಮ. ಮುಖ ಹಿಂಡದೆ ಕುಡಿದೆ. ಮುಂದಿನ ಸಲ ಹೋದಾಗ ಚಟ್ನಿಪುಡಿ ಒಯ್ದೆ. ಅಜ್ಜಿ ಆಲಿವ್ ಎಣ್ಣೆ ಹಾಕಿ ಕಲಸಿ ರೊಟ್ಟಿಗೆ ಸವರಿದರು. ನಾವು ಶೇಂಗಾ ಎಣ್ಣೆ ಹಾಕಿಕೊಳ್ಳುವ ಹಾಗೆಯೇ! ಅವರ ಝಾತರ್ ಪುಡಿಯನ್ನೂ ಹೀಗೇ ತಿನ್ನುತ್ತಾರೆ.

ಊರು ಸುತ್ತುವುದು? ಗುಂಪಾಗಿ ಟ್ರಿಪ್ ಕರೆದೊಯ್ಯುತ್ತಾರೆ, ಹೆಸರು ಬೇಗ ಕೊಡು. ಜೈತಾ ಗುಹೆಯಲ್ಲಿ ನಾನಿದ್ದಾಗ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ನೀರು ಏರಿದರೆ ಕೆಳಗಿನ ಗುಹೆಯ ದೋಣಿಯೂ ನಿಲ್ಲುತ್ತದೆ, ಬೇಸಿಗೆಯಲ್ಲಿ ಹೋಗಬೇಕು. ಸೂರ್ ಪಟ್ಟಣದ ರೋಮನ್ನರ ರಥದ ಓಟದ ಮೈದಾನ ನನಗೆ ಬೈರೂತ್‌ಗಿಂತ ಹಿಡಿಸಿತು, ಡ್ರೈವರ್ ಅಲ್ವಾ, ತಿರುವು ಎಲ್ಲಿ ಹೇಗೆ ತಗೊಳ್ತಿದ್ದರು ಅಂತಲೇ ನೋಡುತ್ತಾ ನಿಂತೆ. ಬೈರೂತ್‌ನಲ್ಲಿ ಸಮುದ್ರದ ಬಂಡೆ ನೋಡಿ, ಕಾಫಿ ಬೆಲೆ ನೋಡಿ ವಾಪಸ್ ಬಂದೆ.

ಮನೆಗೆ ಫೋನ್ ಮಾಡುವ ಹೊತ್ತು ಮೊದಲೇ ಗೊತ್ತು ಮಾಡಿಕೋ. ಲೆಬನಾನ್ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡೂವರೆ. ನಾನು ಸಂಜೆ ಆರೂವರೆಗೆ ಆರಾಮಾಗಿ ಫೋನ್ ಮಾಡಿದರೆ ಊರಲ್ಲಿ ರಾತ್ರಿ ಹತ್ತು, ಅವ್ವ "ಏನಾತೋ?" ಅಂತ ಎದೆ ಹೊಡೆದುಕೊಂಡು ಏಳುತ್ತಿದ್ದಳು.

90 ದಿನ ಮುಗಿದರೆ ಯುಎನ್ ಮೆಡಲ್. ಪರೇಡ್ ಇರುತ್ತದೆ, ಎಣ್ಣೆ ಕಲೆ ಇಲ್ಲದ ಡ್ರೆಸ್ ಇಟ್ಟುಕೋ.

ವಾಪಸ್ ಬರುವಾಗ ತೂಕ ನೋಡಿಕೊಂಡು ಕಟ್ಟು. ನಾನು ತಂದದ್ದು ಆಲಿವ್ ಸಾಬೂನಿನ ಹನ್ನೆರಡು ಬಿಲ್ಲೆ. ಅವ್ವ ಒಂದನ್ನೂ ಹಚ್ಚಲಿಲ್ಲ, ಟ್ರಂಕಿನಲ್ಲಿ ಸೀರೆ ನಡುವೆ ಇಟ್ಟಿದ್ದಾಳೆ, ವಾಸನೆ ಚಂದ ಅಂತೆ. 2024ರ ಯುದ್ಧದಲ್ಲಿ ಖಿಯಾಮ್ ತುಂಬಾ ಹಾಳಾಯಿತು. ಟಿವಿಯಲ್ಲಿ ತೋರಿಸಿದಾಗ ನಾನು ಓಡಿಸುತ್ತಿದ್ದ ರಸ್ತೆ ಹುಡುಕಿದೆ, ಸಿಗಲಿಲ್ಲ.

ಇನ್ನೊಂದು, ಊರಿಗೆ ಬಂದ ಮೊದಲ ವಾರ ಯಾರ ಗಾಡಿಯನ್ನೂ ಓಡಿಸಬೇಡ. ಹಾವೇರಿ ಸ್ಟೇಷನ್ನಿಗೆ ಚಿಕ್ಕಪ್ಪ ಬೊಲೆರೊ ತಂದಿದ್ದರು, ನಾನೇ ಓಡಿಸ್ತೀನಿ ಅಂತ ಕೀಲಿ ಇಸ್ಕೊಂಡೆ. ಬಾಗಿಲು ತೆಗೆದು ಕೂತೆ, ಬೆಲ್ಟ್ ಹಾಕಿಕೊಂಡೆ, ಕೀಲಿ ತೂರಿಸಲು ಜಾಗ ಹುಡುಕಿದೆ. ಎದುರಿಗೆ ಸ್ಟೀರಿಂಗೇ ಇಲ್ಲ. ಚಿಕ್ಕಪ್ಪ ಬಲಗಡೆ ಬಾಗಿಲ ಹತ್ತಿರ ನಿಂತು, "ಡಾಲರ್ ಬಂದ ಮೇಲೆ ಡ್ರೈವರ್ ಬೇಕೇನಪಾ ನಿನಗ?" ಅಂದರು.