ಚಿತ್ರಕಥೆ ಕಲಿಯುವವರಿಗೆ: ಮೊದಲು ಸಂಭಾಷಣೆಯನ್ನು ಪಕ್ಕಕ್ಕಿಡಿ

ನನ್ನ ಮೊದಲ ಚಿತ್ರಕಥೆ 184 ಪುಟ ಇತ್ತು. ಅದನ್ನು ಓದಿದ ನಿರ್ದೇಶಕರೊಬ್ಬರು ಮೂರನೆಯ ಪುಟದ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, "ಇದನ್ನು ಶೂಟ್ ಮಾಡುವುದು ಹೇಗೆ?" ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಸಾಲು ಹೀಗಿತ್ತು: "ಈ ಮನೆ ಇನ್ನು ತನ್ನದಲ್ಲ ಎನಿಸಿ ಅಣ್ಣನ ಎದೆ ಭಾರವಾಯಿತು." ಸಣ್ಣಕಥೆಯಲ್ಲಾದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಆದರೆ ಎದೆಯ ಭಾರ ಲೆನ್ಸಿಗೆ ಕಾಣುವುದಿಲ್ಲ.

ತಿದ್ದಲು ಕುಳಿತೆ. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವ ಉಪಾಯ. ಅದೇ ಮಾತನ್ನು ಅಣ್ಣನ ಬಾಯಿಗೆ ಹಾಕಿದೆ: "ಈ ಮನೆಯಲ್ಲಿ ನನಗೆ ಇನ್ನೇನು ಉಳಿದಿದೆ?" ಇದು ಇನ್ನೂ ಕೆಟ್ಟದಾಯಿತು. ನೋವಿನಲ್ಲಿರುವವರು ತಮ್ಮ ನೋವಿಗೆ ತಾವೇ ಟಿಪ್ಪಣಿ ಬರೆಯುತ್ತಾ ಕೂರುವುದಿಲ್ಲ. ಒಂಬತ್ತು ದಿನ ಒದ್ದಾಡಿದ ಮೇಲೆ ಉಳಿದದ್ದು ಇಷ್ಟು:

ಹೊರಾಂಗಣ. ಮನೆಯ ಮುಂಬಾಗಿಲು. ಸಂಜೆ.

ಅಣ್ಣ ಚೀಲ ಕೆಳಗಿಡುತ್ತಾನೆ. ಜೇಬಿನಿಂದ ಹಳೆಯ ಕೀಲಿಕೈ ತೆಗೆದು ಬೀಗಕ್ಕೆ ಹಾಕುತ್ತಾನೆ. ತಿರುಗುವುದಿಲ್ಲ.

ಕೀಲಿಕೈಯನ್ನು ಹೊರತೆಗೆದು, ಅಂಗಿಯ ತುದಿಗೆ ಒರೆಸಿ, ಮತ್ತೆ ಹಾಕುತ್ತಾನೆ.

ಒಳಗಿನಿಂದ ತಂಗಿ ಬಾಗಿಲು ತೆರೆಯುತ್ತಾಳೆ. ಅಣ್ಣನ ಮುಷ್ಟಿ ಮುಚ್ಚಿಕೊಳ್ಳುತ್ತದೆ.

ತಂಗಿ: ಬೆಲ್ ಒತ್ತಬಾರದಿತ್ತೇ ಅಣ್ಣ?

ಬೀಗ ಬದಲಾಗಿದೆ ಎಂದು ಯಾರೂ ಹೇಳಿಲ್ಲ. ಅವನು ಕೀಲಿಕೈ ಒರೆಸುವುದನ್ನು ಗಮನಿಸಿ. ತಪ್ಪು ಬೀಗದ್ದಲ್ಲ, ಕೀಲಿಕೈಯದ್ದು ಎಂದು ಅವನು ಇನ್ನೂ ನಂಬಿದ್ದಾನೆ. ನಾನು ಬರೆಯಲು ಹೊರಟಿದ್ದ ಎದೆಭಾರ ಆ ಒರೆಸುವಿಕೆಯಲ್ಲಿದೆ. "ಕೀಲಿಕೈಯ ಕ್ಲೋಸ್‌ಅಪ್" ಎಂದು ಎಲ್ಲಿಯೂ ಬರೆದಿಲ್ಲ, ನೋಡಿ. ಒಂದು ಕ್ರಿಯೆಗೆ ಒಂದು ಸಾಲನ್ನು ಬಿಟ್ಟುಕೊಟ್ಟರೆ ಛಾಯಾಗ್ರಾಹಕರು ತಾವಾಗಿಯೇ ಹತ್ತಿರ ಹೋಗುತ್ತಾರೆ. ಪುಟದ ತುಂಬಾ ಜೂಮ್, ಪ್ಯಾನ್ ಎಂದು ಬರೆಯುವ ಚಟ ಹೊಸಬರಲ್ಲಿ ಹೆಚ್ಚು. ನನಗೂ ಇತ್ತು.

ಈ ಕಣ್ಣು ಪಳಗಲು ನಾನು ಮಾಡಿದ, ಈಗಲೂ ಕಲಿಯಲು ಬಂದವರಿಗೆ ಮೊದಲು ಮಾಡಿಸುವ ಅಭ್ಯಾಸ ಒಂದೇ. ನೀವು ನೋಡಿರದ ಒಂದು ಸಿನಿಮಾದ ಮೂರು ನಿಮಿಷದ ದೃಶ್ಯವನ್ನು ಶಬ್ದವಿಲ್ಲದೆ ಹಾಕಿ. ಕಂಡದ್ದನ್ನು ಮಾತ್ರ ವರ್ತಮಾನ ಕಾಲದಲ್ಲಿ ಬರೆಯಿರಿ. "ಸಿಟ್ಟಿನಿಂದ" ಎಂದು ಬರೆಯುವ ಹಾಗಿಲ್ಲ. ಲೋಟವನ್ನು ಕುಕ್ಕಿದಳೇ, ಕಿಟಕಿಯ ಕಡೆ ತಿರುಗಿದಳೇ, ಅದನ್ನು ಬರೆಯಿರಿ. ಆಮೇಲೆ ಶಬ್ದ ಹಾಕಿ ಸಂಭಾಷಣೆ ಸೇರಿಸಿ. ಮಾತಿಲ್ಲದೆಯೇ ನಿಮಗೆ ಎಷ್ಟು ಅರ್ಥವಾಗಿತ್ತು ಎಂಬುದು ಆಗ ತಿಳಿಯುತ್ತದೆ. ಆ ಚಿತ್ರದ ಚಿತ್ರಕಥೆ ಪ್ರಕಟವಾಗಿದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಅವರು ನಾಲ್ಕು ಪದಗಳಲ್ಲಿ ಮುಗಿಸಿದ್ದಕ್ಕೆ ನೀವು ನಾಲ್ಕು ಸಾಲು ಖರ್ಚು ಮಾಡಿರುತ್ತೀರಿ. ಇಂಥ ಹತ್ತು ದೃಶ್ಯ ಬರೆಯುವವರೆಗೆ ಸ್ವಂತ ಕಥೆಯನ್ನು ಮುಟ್ಟಬೇಡಿ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ.

ಪುಟದ ವಿನ್ಯಾಸ ಒಂದು ಸಂಜೆಯಲ್ಲಿ ಕಲಿಯುವ ವಿಷಯ. ದೃಶ್ಯದ ತಲೆಬರಹ, ಕ್ರಿಯೆ, ಪಾತ್ರದ ಹೆಸರು, ಅದರ ಕೆಳಗೆ ಮಾತು. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ, ಪೂರ್ಣ ಚಿತ್ರಕ್ಕೆ 90ರಿಂದ 120 ಪುಟ ಎಂಬ ಲೆಕ್ಕ ಕೊರಿಯರ್ ಎಂಬ ಇಂಗ್ಲಿಷ್ ಫಾಂಟಿನ 12 ಪಾಯಿಂಟ್ ಅಕ್ಷರಕ್ಕೆ ಹುಟ್ಟಿದ್ದು. ಕನ್ನಡದ ಅಕ್ಷರಕ್ಕೆ ಅದನ್ನು ನಂಬಬೇಡಿ. ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಫೌಂಟೇನ್ ಎಂಬ ಸರಳ ಬರಹದ ಕ್ರಮದಲ್ಲಿ ಯಾವ ಸಾದಾ ಟೆಕ್ಸ್ಟ್ ಫೈಲಿನಲ್ಲಾದರೂ ಚಿತ್ರಕಥೆ ಬರೆಯಬಹುದು. ಪಾತ್ರದ ಹೆಸರನ್ನು ಅದು ಇಂಗ್ಲಿಷಿನ ದೊಡ್ಡಕ್ಷರದಿಂದ ಗುರುತಿಸುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ, ಹಾಗಾಗಿ ಹೆಸರು ಶುರುವಾಗುವ ಮೊದಲು @ ಚಿಹ್ನೆಯನ್ನೂ ದೃಶ್ಯದ ತಲೆಬರಹ ಶುರುವಾಗುವ ಮೊದಲು ಒಂದು ಚುಕ್ಕಿಯನ್ನೂ ಇಡಬೇಕು. ಇದು ಗೊತ್ತಿಲ್ಲದೆ ನಾನು ಒಂದು ವಾರ ಹಾಳುಮಾಡಿದ್ದೇನೆ.

ಇನ್ನು ಕಥೆಯ ಕಟ್ಟು. ಒಂದು ದೃಶ್ಯಕ್ಕೆ ಒಂದು ಚೀಟಿ. ಚೀಟಿಯಲ್ಲಿ "ಅಣ್ಣ ಮನೆಗೆ ಬರುತ್ತಾನೆ" ಎಂದು ಬರೆದರೆ ಸಾಲದು, ಆ ದೃಶ್ಯದಲ್ಲಿ ಏನು ಬದಲಾಯಿತು ಎಂದು ಬರೆಯಬೇಕು: "ಮನೆಯವನಾಗಿ ಬಂದವನು ಅತಿಥಿಯಾಗಿ ಒಳಗೆ ಹೋಗುತ್ತಾನೆ." ಬದಲಾವಣೆ ಬರೆಯಲು ಆಗದ ಚೀಟಿಯನ್ನು ಹರಿದುಹಾಕಿ. ಉಳಿದವನ್ನು ನೆಲದ ಮೇಲೆ ಹರಡಿ, ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ ನೋಡಿ. ಕಥೆಗೆ ಏನೂ ಆಗಲಿಲ್ಲವೆಂದರೆ ಆ ಎರಡರ ನಡುವೆ ಕಾರ್ಯಕಾರಣ ಇಲ್ಲ ಎಂದರ್ಥ. ನನ್ನ 184 ಪುಟಗಳಲ್ಲಿ ಹೀಗೆ ಎಲ್ಲಿ ಬೇಕಾದರೂ ಕೂರುವ ಇಪ್ಪತ್ತಮೂರು ದೃಶ್ಯಗಳು ಸಿಕ್ಕವು. ಕಥೆಯನ್ನು ಆರಂಭ, ಮಧ್ಯ, ಅಂತ್ಯ ಎಂದು ಭಾಗಮಾಡುವ ಮೂರು ಅಂಕಗಳ ಸೂತ್ರವನ್ನು ಖಂಡಿತ ಓದಿಕೊಳ್ಳಿ. ಆದರೆ ಬರೆದದ್ದು ಎಲ್ಲಿ ಜೋತುಬಿದ್ದಿದೆ ಎಂದು ಹುಡುಕಲು ಅದು ಒದಗುವಷ್ಟು, ಬರೆಯಲು ಶುರುಮಾಡುವುದಕ್ಕೆ ಒದಗುವುದಿಲ್ಲ.

ಟೆಲಿವಿಷನ್ನಿನ ಲೆಕ್ಕ ಬೇರೆ. ಸಿನಿಮಾದಲ್ಲಿ ಪಾತ್ರದ ಬದುಕಿನ ಕೊರತೆ ಎರಡು ಗಂಟೆಯಲ್ಲಿ ತೀರಬೇಕು ಅಥವಾ ತೀರದು ಎಂದು ಗೊತ್ತಾಗಬೇಕು. ಧಾರಾವಾಹಿಯಲ್ಲಿ ಅದು ಪ್ರತಿ ಕಂತಿನಲ್ಲೂ ತೀರುವಂತೆ ಕಂಡು ತೀರದೆ ಉಳಿಯಬೇಕು. ನಾನು ಬರೆದ ಮೊದಲ ಧಾರಾವಾಹಿಯ ನಾಲ್ಕನೆಯ ಕಂತಿನಲ್ಲೇ ತಾಯಿಯ ಗುಟ್ಟನ್ನು ಬಿಟ್ಟುಕೊಟ್ಟೆ. ದೃಶ್ಯ ಚೆನ್ನಾಗಿಯೇ ಬಂತು. ಐದನೆಯ ಕಂತಿಗೆ ಬರೆಯಲು ಏನೂ ಇರಲಿಲ್ಲ. ಅದಕ್ಕೇ ಹಲವರು ಸೇರಿ ಬರೆಯುವ ಕಡೆ ಪಾತ್ರಗಳು, ಅವುಗಳ ಹಿನ್ನೆಲೆ, ಮುಂದಿನ ಕಂತುಗಳ ದಾರಿ ಎಲ್ಲವನ್ನೂ ಮೊದಲೇ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತಾರೆ; ಬೈಬಲ್ ಎಂದೇ ಅದನ್ನು ಕರೆಯುವುದು. ಜಾಹೀರಾತಿನ ಬಿಡುವು ಬರುವ ಕಾರ್ಯಕ್ರಮವಾದರೆ ಪ್ರತಿ ಬಿಡುವಿಗೆ ಮುಂಚೆ ಒಂದು ಪ್ರಶ್ನೆ ತೂಗುತ್ತಿರಬೇಕು. ಬಾಗಿಲು ಬಡಿದ ಸದ್ದು ಪ್ರಶ್ನೆಯಲ್ಲ, ಅದು ಬರೀ ಸದ್ದು.

ಸಂಭಾಷಣೆ ಕೊನೆಗೆ. ಬರೆದಾದ ಮೇಲೆ ಪ್ರತಿ ದೃಶ್ಯದ ಮೊದಲ ಮಾತು, ಕೊನೆಯ ಮಾತು ಎರಡನ್ನೂ ಕೈಯಿಂದ ಮುಚ್ಚಿ ಓದಿ. ಹೆಚ್ಚಿನ ಸಲ ಅವು ಬೇಕಿರುವುದಿಲ್ಲ. ಆಮೇಲೆ ನಾಲ್ಕು ಜನ ಗೆಳೆಯರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ. ನಟರೇ ಆಗಬೇಕಿಲ್ಲ, ನಟರಲ್ಲದಿದ್ದರೆ ಒಳ್ಳೆಯದೇ. ಸತ್ವವಿಲ್ಲದ ಮಾತನ್ನು ಒಳ್ಳೆಯ ನಟರು ದನಿಯಿಂದಲೇ ಪಾರುಮಾಡಿಬಿಡುತ್ತಾರೆ. ನೀವು ಓದಬೇಡಿ, ನಡುವೆ ವಿವರಣೆ ಕೊಡಬೇಡಿ. ನಾಲಿಗೆ ತೊಡರಿದ ಕಡೆ ಗೆರೆ, ಯಾರಾದರೂ ಮೊಬೈಲ್ ನೋಡಿದ ಕಡೆ ಎರಡು ಗೆರೆ. ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎನ್ನುತ್ತಾರೆ. "ತಂಗಿ ಬೀಗ ಬದಲಿಸಿದ್ದು ಯಾಕೆ?" ಎಂದು ಕೇಳಿ. ನಾಲ್ಕು ಜನ ನಾಲ್ಕು ಉತ್ತರ ಕೊಟ್ಟರೆ ಗಾಬರಿ ಬೇಡ. "ಯಾವ ಬೀಗ?" ಎಂದರೆ ಮಾತ್ರ ಆ ಪುಟಕ್ಕೆ ಹಿಂದಿರುಗಿ.